ಮೂರು ಕಡಲ ನೀರು ಕುಡಿದ ಕುದುರೆ

ನಮ್ಮ ಕುಂದಾಪುರದ ಕಡೆ ಎಡ, ಬಲ ಎನ್ನುವವರು ಕಡಿಮೆ. ಊಟಕ್ಕೆ ಕೂತವನಿಗೂ "ಸ್ವಲ್ಪ ಪಡುವಕ್ಕೆ ಸರಿ" ಎನ್ನುತ್ತಾರೆ. ಕಾಯಿ ಬಿದ್ದದ್ದು ಬಾವಿಯ ಮೂಡು ಬದಿಗೆ, ಬೆಕ್ಕು ಮಲಗಿದ್ದು ಜಗಲಿಯ ತೆಂಕು ಮೂಲೆಗೆ. ಪಡುವಣದಲ್ಲಿ ಕಡಲಿದೆ, ಅದು ಎಲ್ಲಿಗೂ ಹೋಗುವುದಿಲ್ಲ. ಮಿಕ್ಕ ಮೂರು ದಿಕ್ಕುಗಳು ಅದರ ಮುಖ ನೋಡಿಕೊಂಡು ತಮ್ಮ ತಮ್ಮ ಜಾಗ ಹಿಡಿದಿವೆ. ಇಂಥವರನ್ನು ಘಟ್ಟ ಹತ್ತಿಸಿ ದಖನ್ನಿನ ಬಯಲಿಗೆ ಬಿಟ್ಟರೆ ಮೊದಲು ಕಳೆದುಹೋಗುವುದು ದೇವಸ್ಥಾನದ ಎದುರಿನ ಚಪ್ಪಲಿಯಲ್ಲ, ದಿಕ್ಕು.

ರಜೆ ಬಂತೆಂದರೆ ಬಯಲುಸೀಮೆಯ ಬಸ್ಸುಗಳೆಲ್ಲ ಮಲ್ಪೆಗೆ, ಮರವಂತೆಗೆ, ಮುರುಡೇಶ್ವರಕ್ಕೆ ಇಳಿಯುತ್ತವೆ. ನೀರು ಕಂಡದ್ದೇ ಪ್ಯಾಂಟು ಮಡಚಿಕೊಂಡು ಓಡುವ ಆ ಜನರನ್ನು ನೋಡಿ ನಾವು ನಗುವುದುಂಟು. ಆದರೆ ಕಡಲ ಕರೆಯಲ್ಲೇ ಹುಟ್ಟಿದವರು ರಜೆಗೆ ಎಲ್ಲಿಗೆ ಹೋಗಬೇಕು ಎಂಬುದು ಮನೆಯಲ್ಲಿ ಬಗೆಹರಿಯದೆ ಉಳಿದಿದ್ದ ಪ್ರಶ್ನೆ. ನಾಸಿಕ, ಎಲ್ಲೋರ, ಅಜಂತ ಎಂದು ನಾನು ಸೂಚಿಸಿದೆ. ಔರಂಗಾಬಾದ್ ಈಗ ಛತ್ರಪತಿ ಸಂಭಾಜಿನಗರ ಆಗಿದೆಯೆಂದು ಚಿಕ್ಕಪ್ಪ ತಿದ್ದಿದರು. ಅವರು ಬ್ಯಾಂಕಿನಿಂದ ನಿವೃತ್ತರಾದವರು. ಯಾವ ಅರ್ಜಿಯಲ್ಲೂ ಹಳೆಯ ವಿಳಾಸ ಉಳಿಯಬಾರದು. ಚಿಕ್ಕಮ್ಮ ಮಾತ್ರ ಮುಖ್ಯ ವಿಷಯ ಹಿಡಿದರು: "ಕಡ್ಲ್ ಇಲ್ದಿದ್ ಊರಗೆ ಕಾಂಬುಕ್ ಎಂತ ಇತ್ತ್?"

ಇತಿಹಾಸ ಇದೆ ಎಂದೆ. ಅದು ಪುಸ್ತಕದಲ್ಲೂ ಇದೆ ಎಂದರು.

ಕೊಂಕಣ ರೈಲು ಕುಂದಾಪುರದಿಂದ ಠಾಣೆಯವರೆಗೂ ಕಡಲಿನ ಮಗ್ಗುಲಲ್ಲೇ, ಸುರಂಗದಲ್ಲಿ ಅಡಗುತ್ತ, ಸೇತುವೆಯ ಮೇಲೆ ಇಣುಕುತ್ತ ಓಡುವುದರಿಂದ ಅಲ್ಲಿಯವರೆಗೆ ತಕರಾರಿರಲಿಲ್ಲ. ಕಲ್ಯಾಣ ದಾಟಿ ಕಸಾರಾಕ್ಕೆ ಬಂದ ಮೇಲೆ ರೈಲು ಕಡಲಿಗೆ ಬೆನ್ನು ಹಾಕಿತು. ಅಲ್ಲಿಂದ ಇಗತ್‌ಪುರಿಯವರೆಗೆ ಥಳ್ ಘಾಟ್: 37 ಅಡಿ ನಡೆದರೆ ಒಂದು ಅಡಿ ಏರು. ರೈಲಿನ ಮಟ್ಟಿಗೆ ಇದು ಗೋಡೆ ಹತ್ತುವ ಕೆಲಸವೇ. ಮುಂದಿನ ಇಂಜಿನ್ನಿಗೆ ಆಗದೆಂದು ಹಿಂದಿನಿಂದ ದೂಡಲು ಬೇರೆ ಇಂಜಿನ್ನುಗಳನ್ನು ಹಚ್ಚುತ್ತಾರೆ. ಅವಕ್ಕೆ ರೈಲ್ವೆಯವರು ಬ್ಯಾಂಕರ್ ಎನ್ನುತ್ತಾರೆಂದು ಎದುರು ಸೀಟಿನವರು ಹೇಳಿದ್ದೇ ತಡ, ಚಿಕ್ಕಪ್ಪ ಅಂಗಿಯ ಕಾಲರು ಸರಿಮಾಡಿಕೊಂಡರು. ದೇಶವನ್ನು ಹಿಂದಿನಿಂದ ದೂಡಿದವರು ಯಾರೆಂದು ರೈಲ್ವೆಗಾದರೂ ಗೊತ್ತಿದೆಯಲ್ಲ ಎಂಬ ಸಮಾಧಾನ ಅವರ ಮುಖದ ಮೇಲೆ ಇಗತ್‌ಪುರಿಯವರೆಗೂ ಇತ್ತು.

ನಾಸಿಕದಲ್ಲಿ ಕಡಲಿನ ಕೆಲಸ ನೋಡಿಕೊಳ್ಳುವುದು ಗೋದಾವರಿ. ಸಂಜೆಯ ರಾಮಕುಂಡಕ್ಕೂ ಸಂಜೆಯ ಮಲ್ಪೆಗೂ ಹೆಚ್ಚು ವ್ಯತ್ಯಾಸವಿಲ್ಲ. ಬಲೂನು ಮಾರುವವರು, ಸುಟ್ಟ ಜೋಳ, ಮೆಟ್ಟಿಲಿಂದ ಧುಮುಕುವ ಹುಡುಗರು, ಅವರಿಗೆ ಬೈಯುವ ತಾಯಂದಿರು, ಸೀರೆಯನ್ನು ಎಷ್ಟು ಎತ್ತಬೇಕೆಂದು ಲೆಕ್ಕ ಹಾಕುತ್ತ ನೀರಿಗಿಳಿಯುವ ಹೆಂಗಸರು. ಜೊತೆಗೆ ಅಸ್ಥಿ ಬಿಡಲು ತಲೆ ಬೋಳಿಸಿ ಬಂದವರು. ಪಕ್ಕಪಕ್ಕದಲ್ಲೇ ಒಬ್ಬರು ಅಳುತ್ತಾರೆ, ಒಬ್ಬರು ಸೆಲ್ಫಿ ತೆಗೆಯುತ್ತಾರೆ; ಯಾರಿಗೂ ಯಾರದೂ ಅಡ್ಡಿಯಾಗುವುದಿಲ್ಲ. ಚಿಕ್ಕಮ್ಮ ಪಾದ ಅದ್ದಿ, ನೀರು ಯಾವ ಕಡೆ ಹರಿಯುತ್ತದೆಂದು ನೋಡಿ, ಬೆರಗಾಗಿ ಕೇಳಿದರು: ಇದು ಮೂಡುಮುಖ ಮಾಡಿ ಎಲ್ಲಿಗೆ ಹೊರಟಿದೆ?

ಪ್ರಶ್ನೆ ಸಣ್ಣದಲ್ಲ. ನಾಸಿಕದಿಂದ ಸುಮಾರು 30 ಕಿಲೋಮೀಟರ್ ದೂರದ ತ್ರ್ಯಂಬಕೇಶ್ವರದಲ್ಲಿ, ಬ್ರಹ್ಮಗಿರಿಯ ಮೇಲೆ ಗೋದಾವರಿ ಹುಟ್ಟುತ್ತದೆ. ಅಲ್ಲಿಂದ ಅರಬ್ಬಿ ಕಡಲು ಬರೀ 80 ಕಿಲೋಮೀಟರ್. ಒಂದು ಹೊತ್ತಿನ ಬಸ್ಸಿನ ದಾರಿ. ಅದನ್ನು ಬಿಟ್ಟು ಈ ನದಿ ದಖನ್ನನ್ನೆಲ್ಲ ಅಡ್ಡಕ್ಕೆ ಸೀಳಿ, 1,465 ಕಿಲೋಮೀಟರ್ ನಡೆದು, ಆಂಧ್ರದಲ್ಲಿ ಬಂಗಾಳ ಕೊಲ್ಲಿ ಸೇರುತ್ತದೆ. ನಮ್ಮ ಸೌಪರ್ಣಿಕೆಗೂ ಇಂಥದೊಂದು ಚಪಲ ಇದೆ. ಮರವಂತೆಯಲ್ಲಿ ಕಡಲಿಗೂ ತನಗೂ ನಡುವೆ ಒಂದು ಹೆದ್ದಾರಿಯಷ್ಟೇ ಜಾಗ ಉಳಿದಾಗ ತಿರುಗಿಬಿಡುತ್ತದೆ. ಆದರೆ ಎಷ್ಟು ಹೊತ್ತು? ಗಂಗೊಳ್ಳಿಯಲ್ಲಿ ಹೋಗಿ ಸೇರಲೇಬೇಕು. ಗೋದಾವರಿಯ ಹಟ ಹಾಗಲ್ಲ. ಹತ್ತಿರದ ನೆಂಟರನ್ನು ಬಿಟ್ಟು ದೂರದವರ ಮನೆಗೆ ಹೋಗಿ ಉಳಿದುಕೊಳ್ಳುವವರು ನಮ್ಮ ಬಳಗದಲ್ಲೂ ಇದ್ದಾರೆಂದು ಚಿಕ್ಕಮ್ಮ ಒಬ್ಬರ ಹೆಸರು ಹೇಳಿದರು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ನನಗೆ ಆ ದಂಡೆಯಲ್ಲಿ ಬೇರೆಯೇ ತಲೆಬಿಸಿ. ಕ್ರಿ.ಶ. 850ರ ಸುಮಾರಿನಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆ ಹೇಳುವಾಗ ತೆಂಕಣಕ್ಕೆ ಕಾವೇರಿಯನ್ನೂ ಬಡಗಣಕ್ಕೆ ಗೋದಾವರಿಯನ್ನೂ ಹಿಡಿಯುತ್ತದೆ. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದ ಪ್ರತಿಯೊಬ್ಬ ಕನ್ನಡಿಗನೂ ಒಮ್ಮೆಯಾದರೂ ಈ ನದಿಯ ಮುಂದೆ ನಿಂತು ಗಂಟಲು ಸರಿಮಾಡಿಕೊಳ್ಳುವ ಹಕ್ಕು ಪಡೆದಿದ್ದಾನೆ. ನಾಸಿಕದ ಹಳೆಯ ಪೇಟೆ ಬಲದಂಡೆಯಲ್ಲಿದೆ, ಪಂಚವಟಿ ಎಡದಂಡೆಯಲ್ಲಿ. ಆ ಲೆಕ್ಕದಲ್ಲಿ ನಾನು ಚಹಾ ಕುಡಿದದ್ದು ಸ್ವದೇಶದಲ್ಲಿ, ಸೇತುವೆ ದಾಟಿ ಮಿಸಳ್ ತಿಂದದ್ದು ವಿದೇಶದಲ್ಲಿ. ಮೊಳಕೆಕಾಳಿನ ಮೇಲೆ ಕೆಂಪು ರಸ್ಸಾ ಸುರಿದು, ಫರಸಾಣ್ ಉದುರಿಸಿ, ಪಾವ್ ಜೊತೆ ಕೊಡುವ ಆ ಪದಾರ್ಥದ ಖಾರ ಯಾವ ಗಡಿಯನ್ನೂ ಲೆಕ್ಕಿಸುವುದಿಲ್ಲ. ಹತ್ತಿರದ ಟೇಬಲ್ಲಿನ ಹುಡುಗ ಎರಡನೇ ಸಲ ರಸ್ಸಾ ಹಾಕಿಸಿಕೊಳ್ಳುವಾಗ ನಾವು ಮೊದಲ ಸಲದ ಕಣ್ಣೀರು ಒರೆಸಿಕೊಳ್ಳುತ್ತಿದ್ದೆವು.

ಪಂಚವಟಿಯಲ್ಲಿ ಸೀತಾ ಗುಂಫೆ ಇದೆ, ಬಗ್ಗಿ ನುಸುಳಬೇಕು, ಚಿಕ್ಕಪ್ಪನ ಮಂಡಿ ಒಪ್ಪಲಿಲ್ಲ. ಕಾಳಾರಾಮ ಮಂದಿರ ಇದೆ, ಕರಿಕಲ್ಲಿನ ಗಂಭೀರ ಕಟ್ಟಡ. 1930ರ ಮಾರ್ಚ್ 2ರಂದು ಅಂಬೇಡ್ಕರ್ ನೇತೃತ್ವದಲ್ಲಿ ಸಾವಿರಾರು ದಲಿತರು ಒಳಗೆ ಬಿಡಿ ಎಂದು ಬಂದು ನಿಂತದ್ದು ಇದರ ಬಾಗಿಲುಗಳ ಮುಂದೆ. ಬಾಗಿಲು ಮುಚ್ಚಿತು, ಸತ್ಯಾಗ್ರಹ ವರ್ಷಗಟ್ಟಲೆ ಎಳೆಯಿತು. ನಾವು ಕನಕನ ಕಿಂಡಿಯ ಕತೆ ಕೇಳಿ ಬೆಳೆದವರು. ಉಡುಪಿಯ ಕತೆಯಲ್ಲಿ ದೇವರು ತಿರುಗಿ ನಿಂತ, ಎಲ್ಲರಿಗೂ ಅನುಕೂಲವಾಯಿತು, ಬಾಗಿಲ ವಿಷಯ ಯಾರೂ ಮತ್ತೆ ಎತ್ತಬೇಕಾಗಲಿಲ್ಲ. ನಾಸಿಕದಲ್ಲಿ ರಾಮ ನಿಂತಲ್ಲೇ ನಿಂತ. ಹೊರಗೆ ನಿಂತವರು ಐದು ವರ್ಷ ಕಾದು ಬೇರೆ ದಾರಿ ಹಿಡಿದರು. 1935ರ ಅಕ್ಟೋಬರಿನಲ್ಲಿ ಇದೇ ಜಿಲ್ಲೆಯ ಯೇವಲೆಯಲ್ಲಿ ಅಂಬೇಡ್ಕರ್, ಹಿಂದೂವಾಗಿ ಹುಟ್ಟಿದ್ದೇನೆ, ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. ಈಗ ಮಂದಿರದೊಳಗೆ ಯಾರು ಬೇಕಾದರೂ ಹೋಗಬಹುದು. ನಾವೂ ಹೋದೆವು, ಸಲೀಸಾಗಿ. ಆ ಸಲೀಸಿಗೆ ಯಾರು ಎಷ್ಟು ಹೊತ್ತು ಬಿಸಿಲಲ್ಲಿ ನಿಂತಿದ್ದರು ಎಂಬುದು ಹೊರಬಂದ ಮೇಲೂ ಸ್ವಲ್ಪ ಹೊತ್ತು ಮನಸ್ಸಿನಲ್ಲಿತ್ತು.

ಕಡಲು ಮತ್ತೆ ಸಿಕ್ಕಿದ್ದು, ಯಾರೂ ನಿರೀಕ್ಷಿಸದ ಜಾಗದಲ್ಲಿ, ಗುಡ್ಡದ ಮೇಲೆ.

ಊರ ಹೊರಗಿನ ತ್ರಿರಶ್ಮಿ ಗುಡ್ಡದಲ್ಲಿ 24 ಬೌದ್ಧ ಗುಹೆಗಳಿವೆ. ಜನ ಪಾಂಡವ ಲೇಣಿ ಎನ್ನುತ್ತಾರೆ. ಬಂಡೆಯಲ್ಲಿ ತೂತು ಕಂಡರೆ ಪಾಂಡವರ ಲೆಕ್ಕಕ್ಕೆ ಬರೆಯುವುದು ನಮ್ಮಲ್ಲೂ ಇದೆ. ಮೆಟ್ಟಿಲು ಹತ್ತಿ ಮೂರನೇ ಗುಹೆಯ ಜಗಲಿಯಲ್ಲಿ ನಿಂತರೆ ಗೋಡೆಯ ತುಂಬ ಬ್ರಾಹ್ಮೀ ಅಕ್ಷರ. ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿ ತೀರಿಕೊಂಡ ಮೇಲೆ, ಅವನ ಮಗ ಪುಲುಮಾವಿಯ ಆಳ್ವಿಕೆಯ 19ನೇ ವರ್ಷದಲ್ಲಿ, ಶಾತಕರ್ಣಿಯ ತಾಯಿ ಗೌತಮಿ ಬಲಶ್ರೀ ಈ ಗುಹೆಯನ್ನು ಭಿಕ್ಷುಗಳಿಗೆ ದಾನ ಕೊಟ್ಟಳು. ದಾನದ ವಿಷಯ ಒಂದೆರಡು ಸಾಲು. ಮಗನ ಹೊಗಳಿಕೆ ಉಳಿದದ್ದೆಲ್ಲ. ಅವನ ಮುಖ ಸೂರ್ಯನಿಗೆ ಅರಳಿದ ತಾವರೆ, ಅವನ ನಡಿಗೆ ಒಳ್ಳೆಯ ಆನೆಯದು, ಶಕ ಯವನ ಪಹ್ಲವರನ್ನು ಅಳಿಸಿದವನು, ತಾಯಿಯ ಸೇವೆಯಲ್ಲಿ ಒಂದು ದಿನವೂ ತಪ್ಪದವನು. ಹೊಗಳುಭಟ್ಟರು ಸಂಬಳಕ್ಕೆ ಬರೆದ ಪ್ರಶಸ್ತಿಗಳು ಈ ದೇಶದಲ್ಲಿ ಲೆಕ್ಕವಿಲ್ಲದಷ್ಟಿವೆ. ಮಗನನ್ನು ಕಳಕೊಂಡ ತಾಯಿ ಕಲ್ಲಿನಲ್ಲಿ ಕೊರೆಸಿದ್ದು ಇದೊಂದೇ ಇರಬೇಕು ಎಂದು ನನಗೆ ಅನ್ನಿಸಿತು. ಚಿಕ್ಕಮ್ಮ, ಇಷ್ಟೆಲ್ಲ ಅತ್ತೆಯೇ ಹೇಳಿ ಮುಗಿಸಿದರೆ ಸೊಸೆಗೆ ಮಾತಾಡಲು ಏನು ಉಳಿಯಿತು ಎಂದರು.

ಆ ಹೊಗಳಿಕೆಯ ನಡುವೆ ಒಂದು ಮಾತಿದೆ: ಅವನ ಕುದುರೆಗಳು ಮೂರು ಸಮುದ್ರಗಳ ನೀರು ಕುಡಿದವಂತೆ. ಮೂಡಣ, ಪಡುವಣ, ತೆಂಕಣ ಕಡಲುಗಳವರೆಗೂ ದಂಡು ಹೋಗಿತ್ತು ಎಂದು ಅರ್ಥ. ಮೂರು ಕಡಲು, ನಾಸಿಕದ ಗುಡ್ಡದ ಮೇಲೆ! ನಾನು ಗೆದ್ದವನಂತೆ ಚಿಕ್ಕಮ್ಮನ ಕಡೆ ನೋಡಿದೆ.

"ಉಪ್ಪು ನೀರು ಕುಡಿದ ಕುದುರೆ ಬದುಕುತ್ತದೆಯಾ?" ಎಂದು ಅವರು ಕೇಳಿದರು.

ಎರಡು ಸಾವಿರ ವರ್ಷದಲ್ಲಿ ಎಷ್ಟೋ ಪಂಡಿತರು ಆ ಸಾಲು ಓದಿದ್ದಾರೆ. ಈ ಸಂಶಯ ಬರಬೇಕಾದರೆ ಕಡಲ ಕರೆಯಲ್ಲಿ ದನ ಸಾಕಿರಬೇಕು.

ಹತ್ತನೇ ಗುಹೆಯಲ್ಲಿ ಎದುರು ಪಕ್ಷದ ಶಾಸನ. ಶಾತಕರ್ಣಿ ಸೋಲಿಸಿದ ಕ್ಷಹರಾತ ದೊರೆ ನಹಪಾನನ ಅಳಿಯ ಉಷವದಾತ, ತಾನು ಮಾಡಿದ ದಾನಗಳ ಪಟ್ಟಿಯನ್ನು ಒಂದೂ ಬಿಡದೆ ಕೊರೆಸಿದ್ದಾನೆ. 3 ಲಕ್ಷ ಹಸು. ಭರುಕಚ್ಛದಲ್ಲಿ, ಸೋಪಾರದಲ್ಲಿ ತಂಗುಮನೆ. ದಮನ್, ತಾಪಿ, ಡಹಾಣು ಹೊಳೆಗಳಲ್ಲಿ ಪುಕ್ಕಟೆ ದೋಣಿ. ಆಮೇಲೆ ಬಂತು ನೋಡಿ: ನಾನಂಗೋಲ ಎಂಬ ಹಳ್ಳಿಯಲ್ಲಿ 32,000 ತೆಂಗಿನಮರ. ಇಷ್ಟು ಹೊತ್ತು ಕಂಬಕ್ಕೆ ಒರಗಿದ್ದ ಚಿಕ್ಕಮ್ಮ ನೆಟ್ಟಗೆ ನಿಂತರು. ಸಾಮ್ರಾಜ್ಯ, ಸಂಘ, ನಿರ್ವಾಣ ಯಾವುದೂ ಮಾಡದ ಕೆಲಸವನ್ನು ತೆಂಗಿನಮರ ಮಾಡಿತು. ಮೂವತ್ತೆರಡು ಸಾವಿರ ಮರ ಹತ್ತುವುದಕ್ಕೆ ಜನ ಎಲ್ಲಿಂದ ಸಿಕ್ಕಿದರು, ನಮಗೆ ಹನ್ನೊಂದು ಮರಕ್ಕೆ ಒಬ್ಬ ಸಿಕ್ಕುವುದಿಲ್ಲ ಎಂದು ಅವರು ನಿಜವಾದ ಕಾಳಜಿಯಿಂದ ಕೇಳಿದರು.

ಚಿಕ್ಕಪ್ಪನ ಭಾಗ್ಯವೂ ಅದೇ ಗುಹೆಗಳಲ್ಲಿತ್ತು. ಉಷವದಾತ ನಾಸಿಕದ ಪಕ್ಕದ ಗೋವರ್ಧನದ ನೇಕಾರರ ಶ್ರೇಣಿಗಳಲ್ಲಿ 3,000 ಕಾರ್ಷಾಪಣ ಠೇವಣಿ ಇಟ್ಟಿದ್ದ. 2,000ಕ್ಕೆ ತಿಂಗಳಿಗೆ ನೂರಕ್ಕೊಂದು ಬಡ್ಡಿ, 1,000ಕ್ಕೆ ಮುಕ್ಕಾಲು. ಅಸಲು ಮುಟ್ಟುವಂತಿಲ್ಲ, ಬಡ್ಡಿಯಿಂದ ಭಿಕ್ಷುಗಳಿಗೆ ವರ್ಷವರ್ಷ ಬಟ್ಟೆ ಮತ್ತು ಕೈಖರ್ಚು. ವರ್ಷಕ್ಕೆ 12 ಮತ್ತು 9 ಪರ್ಸೆಂಟ್ ಎಂದು ಚಿಕ್ಕಪ್ಪ ಕಣ್ಣುಮುಚ್ಚಿ ಹೇಳಿದರು. ಈಗ ಹಿರಿಯ ನಾಗರಿಕರಿಗೂ ಇಷ್ಟು ಸಿಗುವುದಿಲ್ಲ. ಹಳೆಯ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕುಗಳನ್ನೆಲ್ಲ, 1906ರಿಂದ ಮೊದಲುಮಾಡಿ, ತಮ್ಮದೇ ಮನೆಮಕ್ಕಳಂತೆ ಹೆಸರಿಸುವ ಅವರು ಆ ಬಂಡೆಯ ಮುಂದೆ ಸುಮಾರು ಹೊತ್ತು ನಿಂತರು. ನಂತರ ಕೇಳಲೇಬೇಕಾದ ಪ್ರಶ್ನೆ ಕೇಳಿದರು: "ಸಿಂಪಲ್ಲೋ, ಕಾಂಪೌಂಡೋ?"

ಇಷ್ಟು ದೂರದ ಗುಡ್ಡದಲ್ಲಿ ಇಷ್ಟು ತೆಂಗು, ದೋಣಿ, ದುಡ್ಡು ಯಾಕೆ ಎಂದರೆ, ಇದೇ ದಾರಿ. ಸೋಪಾರ, ಕಲ್ಯಾಣದ ಬಂದರುಗಳಲ್ಲಿ ಇಳಿದ ಸರಕು ಘಟ್ಟ ಹತ್ತಿ ನಾಸಿಕದ ಮೇಲಾಗಿ ಪೈಠಣಕ್ಕೆ ಹೋಗುತ್ತಿತ್ತು. ಎತ್ತುಗಳು ಹತ್ತಿದ ಘಟ್ಟವನ್ನೇ ನಾವು ಬ್ಯಾಂಕರ್ ಇಂಜಿನ್ನಿನ ಬಲದಿಂದ ಹತ್ತಿದ್ದೆವು. ವ್ಯಾಪಾರಿಗಳು ಹೋದಲ್ಲಿ ಭಿಕ್ಷುಗಳು, ಭಿಕ್ಷುಗಳಿದ್ದಲ್ಲಿ ಗುಹೆ, ಗುಹೆಯಿದ್ದಲ್ಲಿ ದಾನಿಯ ಹೆಸರು.

ನಾಸಿಕದಿಂದ ಸಂಭಾಜಿನಗರದ ದಾರಿಯುದ್ದಕ್ಕೂ ದ್ರಾಕ್ಷಿ, ಈರುಳ್ಳಿ, ಮತ್ತೆ ಈರುಳ್ಳಿ. ಯೇವಲೆಯಲ್ಲಿ ಕಾರು ನಿಲ್ಲಿಸಿದ್ದು ಪೈಠಣಿ ಸೀರೆಗೆ. ಸೆರಗಿನಲ್ಲಿ ನವಿಲು, ಅಂಚಿನಲ್ಲಿ ಜರಿ, ಮಗ್ಗದಲ್ಲಿ ಒಂದೊಂದು ಎಳೆಯನ್ನೂ ಕೈಯಲ್ಲೇ ಹಾಯಿಸಿ ನೇಯುವ ಕೆಲಸ. ಬೆಲೆಯನ್ನು ನೇಕಾರ ಮೆಲುದನಿಯಲ್ಲಿ ಹೇಳಿದ. ಚಿಕ್ಕಮ್ಮ ಸೆರಗನ್ನು ಮುಟ್ಟಿ, ಮಡಿಕೆ ತಪ್ಪದ ಹಾಗೆ ಹಿಂದೆ ಕೊಟ್ಟರು. ಚಿಕ್ಕಪ್ಪ ಆ ಹೊತ್ತಿಗೆ ಹೊರಗೆ ಅಂಬೇಡ್ಕರ್ ಸ್ಮಾರಕದ ದಾರಿ ಕೇಳುತ್ತಿದ್ದರು. ಇತಿಹಾಸದ ಆಸಕ್ತಿ ಇಷ್ಟು ಸಮಯಸ್ಫೂರ್ತಿಯಿಂದ ಹುಟ್ಟಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಎಲ್ಲೋರಕ್ಕೆ ಮಂಗಳವಾರ ರಜೆ, ಅಜಂತಕ್ಕೆ ಸೋಮವಾರ. ಇದನ್ನು ತಿಳಿಯದೆ ಬಂದು ಗೇಟಿನ ಮುಂದೆ ಟೋಪಿ ಕೊಂಡು ವಾಪಸಾಗುವವರು ಯಾವಾಗಲೂ ಇರುತ್ತಾರೆ. ನಾವು ಬುಧವಾರ ಹೋದೆವು.

ಕೈಲಾಸದ ಬಗ್ಗೆ ಹೊಸದಾಗಿ ಹೇಳುವುದಕ್ಕೆ ಯಾರ ಹತ್ತಿರವೂ ಏನೂ ಉಳಿದಿಲ್ಲ. ಆದರೂ ಅದರ ಮುಂದೆ ನಿಂತವರು ಬಾಯಿ ಮುಚ್ಚಿಕೊಂಡಿರಲಾರರು. ಎಂಟನೇ ಶತಮಾನದಲ್ಲಿ ರಾಷ್ಟ್ರಕೂಟ ಒಂದನೇ ಕೃಷ್ಣ ಮಾಡಿಸಿದ್ದು. ಇಡೀ ದೇವಾಲಯ ಒಂದೇ ಬೆಟ್ಟ, ಮೇಲಿನಿಂದ ಕೆಳಕ್ಕೆ ಕಡೆದದ್ದು. ಶಿಖರ ಮೊದಲು, ಅಡಿಪಾಯ ಕೊನೆಗೆ. ತೆಗೆದು ಬಿಸಾಡಿದ ಕಲ್ಲು 2 ಲಕ್ಷ ಟನ್ ಎಂದು ಅಂದಾಜು. ಚಿಕ್ಕಮ್ಮನ ಪ್ರಕಾರ ಇದು ಹಲಸಿನಹಣ್ಣು ಬಿಡಿಸುವ ಕೆಲಸ: ಒಳಗೆ ತೊಳೆ ಎಲ್ಲಿದೆಯೆಂದು ಹೊರಗಿನಿಂದಲೇ ಗೊತ್ತಿರಬೇಕು, ಕೈಗೆ ಎಣ್ಣೆ ಇರಬೇಕು, ಮತ್ತು ಮೊದಲನೆಯ ಕೊಯ್ತ ತಪ್ಪಬಾರದು. ಶಿಲ್ಪಶಾಸ್ತ್ರದ ಪುಸ್ತಕಗಳು ಇದನ್ನೇ ಹೆಚ್ಚು ಪುಟಗಳಲ್ಲಿ ಹೇಳುತ್ತವೆ.

ಪಕ್ಕದಲ್ಲಿ ಒಬ್ಬ ಮಾರ್ಗದರ್ಶಿ ಇದು ಅನ್ಯಗ್ರಹದವರ ಕೆಲಸ ಎಂದು ಕೆಲವರು ಹೇಳುತ್ತಾರೆಂದು ತನ್ನ ಗುಂಪಿಗೆ ವಿವರಿಸುತ್ತಿದ್ದ. ನನಗೆ ಸಿಟ್ಟು ಬಂತು. ಅನ್ಯಗ್ರಹದವರೇ ಆಗಿದ್ದರೆ ಪಟ್ಟದಕಲ್ಲಿಗೆ ಬಂದು ನೋಡಿಕೊಂಡು ಹೋಗುತ್ತಿದ್ದರೇ? ಕೈಲಾಸದ ಮಾದರಿ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ. ಅದನ್ನು ಕ್ರಿ.ಶ. 740ರ ಸುಮಾರಿಗೆ ಕಟ್ಟಿಸಿದವಳು ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಗಂಡ ಕಂಚಿಯನ್ನು ಗೆದ್ದ ನೆನಪಿಗೆ. ವಿರೂಪಾಕ್ಷನಿಗೆ ಮಾದರಿಯಾದದ್ದು ಆ ಸೋತ ಕಂಚಿಯ ಕೈಲಾಸನಾಥ. ವಿಕ್ರಮಾದಿತ್ಯ ಕಂಚಿಯನ್ನು ಹಿಡಿದವನು ಅಲ್ಲಿಯ ದೇವಾಲಯದ ಸೊತ್ತು ಮುಟ್ಟದೆ ದೇವರಿಗೇ ಬಿಟ್ಟು, ಹಾಗೆ ಬಿಟ್ಟದ್ದನ್ನು ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಸಿ ಬಂದ. ಆಮೇಲೆ ರಾಷ್ಟ್ರಕೂಟರು ಚಾಲುಕ್ಯರನ್ನು ಸೋಲಿಸಿ, ಅವರ ದೇವಾಲಯ ನೋಡಿ ಮೆಚ್ಚಿ, ಎಲ್ಲೋರದ ಬೆಟ್ಟದಲ್ಲಿ ಇದನ್ನು ಕಡೆಸಿದರು. ಗೆದ್ದವರು ಸೋತವರ ರುಚಿಗೆ ಸೋಲುತ್ತ ಬಂದ ಈ ವಂಶಾವಳಿ ನನಗೆ ಯುದ್ಧಗಳ ಇಸವಿಗಿಂತ ಹೆಚ್ಚು ಇಷ್ಟ. ಪಟ್ಟದಕಲ್ಲಿನ ಸೂತ್ರಧಾರಿ ಗುಂಡ ಎಂದು ಅಲ್ಲಿಯ ಶಾಸನ ಹೆಸರು ಹೇಳುತ್ತದೆ. ಎಲ್ಲೋರದವನ ಹೆಸರು ಗೊತ್ತಿಲ್ಲ. ಆದರೆ 812ರ ಬರೋಡಾ ತಾಮ್ರಪಟದಲ್ಲಿ ಅವನ ಬಗ್ಗೆ ಒಂದು ಸೊಗಸಾದ ಮಾತಿದೆ. ಕೆಲಸ ಮುಗಿದ ಮೇಲೆ ಅವನೇ ಬೆರಗಾಗಿ, ಇದನ್ನು ನಾನು ಹೇಗೆ ಮಾಡಿದೆ ಎಂದುಕೊಂಡನಂತೆ. ಅನ್ಯಗ್ರಹದವರಿಗೆ ಈ ಸಂಕೋಚ ಎಲ್ಲಿಂದ ಬರಬೇಕು?

ನಂದಿಮಂಟಪದ ಹತ್ತಿರ ವಿಜಯಪುರದ ಕಡೆಯ ಒಂದು ದೊಡ್ಡ ಕುಟುಂಬ ಸಿಕ್ಕಿತು. "ನಮ್ಮವ್ರು ಮಾಡಿಸಿದ್ದು ರೀ" ಎಂದು ಅವರ ಹಿರಿಯರು ಕೈ ಬೀಸಿ ಇಡೀ ಬೆಟ್ಟ ತೋರಿಸಿದರು. ನಾವೂ ನಮ್ಮವರು ಎಂದೆವು. ಪಕ್ಕದಲ್ಲೇ ಜಾಲ್ನಾದ ಶಾಲಾ ಮಕ್ಕಳಿಗೆ ಮೇಷ್ಟ್ರು ಮರಾಠಿಯಲ್ಲಿ ಇದು ನಮ್ಮವರದು ಎಂದೇ ಹೇಳುತ್ತಿದ್ದರು. ಮೂರು ಗುಂಪಿಗೂ ಬೆಟ್ಟ ಸಾಕಾಯಿತು, ಇನ್ನೂ ಉಳಿಯಿತು. ಕವಿರಾಜಮಾರ್ಗದ ಲೆಕ್ಕ ಕಟ್ಟುನಿಟ್ಟಾಗಿ ಹಿಡಿದರೆ ಎಲ್ಲೋರ ಇರುವುದು ಗೋದಾವರಿಯಿಂದ ಆಚೆ, ಅಂದರೆ ಕನ್ನಡ ನಾಡಿನ ಹೊರಗೆ. ವಿಜಯಪುರದ ಹಿರಿಯರಿಗೆ ಇದನ್ನು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರು ಶೇಂಗಾ ಹೋಳಿಗೆಯ ಡಬ್ಬಿ ತೆರೆದರು.

ಜೈನ ಗುಹೆಗಳು ಇನ್ನೊಂದು ತುದಿಯಲ್ಲಿವೆ, 30ರಿಂದ 34. ದೂರವೆಂದು ಅರ್ಧ ಜನ ಬಿಟ್ಟುಬಿಡುತ್ತಾರೆ. ಜಗನ್ನಾಥ ಸಭೆಯ ಕಂಬಗಳಲ್ಲಿ ಹಳಗನ್ನಡ ಅಕ್ಷರಗಳು ಸವೆದು ಉಳಿದಿವೆ. ಅಲ್ಲಿಯ ಗುಹೆಗಳಲ್ಲಿ ಬಾಹುಬಲಿ ನಿಂತಿದ್ದಾನೆ, ಬಳ್ಳಿ ಸುತ್ತಿಕೊಂಡು, ಕಾಲ ಬುಡದಲ್ಲಿ ಜಿಂಕೆ, ಹಾವು. ಆಳೆತ್ತರ ಅಷ್ಟೇ. ಕಾರ್ಕಳದ ಬೆಟ್ಟದ ಮೇಲೆ 1432ರಿಂದ ನಿಂತ ದೊಡ್ಡವನನ್ನು ನೋಡಿದ ಕಣ್ಣಿಗೆ ಇವನು ನಮ್ಮವನ ಎಳವೆಯ ಫೋಟೋ.

ಅಜಂತ ಸಂಭಾಜಿನಗರದಿಂದ ನೂರು ಕಿಲೋಮೀಟರ್. ವಾಘೋರಾ ಹೊಳೆ ಲಾಳದಂತೆ ಬಾಗಿದ ಕಣಿವೆ, ಬಾಗಿನ ಉದ್ದಕ್ಕೂ ಗುಹೆ. 1819ರ ಏಪ್ರಿಲ್ 28ರಂದು ಹುಲಿ ಬೇಟೆಗೆ ಬಂದ ಜಾನ್ ಸ್ಮಿತ್ ಎಂಬ ಮದ್ರಾಸ್ ಅಶ್ವದಳದ ಅಧಿಕಾರಿ ಇದನ್ನು ಕಂಡು, ಹತ್ತನೇ ಗುಹೆಯ ಚಿತ್ರದ ಕಂಬದ ಮೇಲೆ ತನ್ನ ಹೆಸರು, ತಾರೀಕು ಗೀಚಿ ಹೋದ. ನಮ್ಮ ಹುಡುಗರು ಬಾದಾಮಿಯ ಗೋಡೆಯಲ್ಲಿ ಹೃದಯ ಬಿಡಿಸಿ ಬಾಣ ಹೊಡೆದರೆ ದಂಡ. ಸ್ಮಿತ್ ಬರೆದರೆ ಅದನ್ನೇ ಟಾರ್ಚ್ ಹಾಕಿ ತೋರಿಸುತ್ತಾರೆ.

ಒಂದನೇ ಗುಹೆಯಲ್ಲಿ ಒಂದು ಚಿತ್ರ. ಸಿಂಹಾಸನದಲ್ಲಿ ದೊರೆ, ಎದುರು ಮೊನೆಟೋಪಿಯ ಪರ್ಷಿಯನ್ನರು. ಇಮ್ಮಡಿ ಪುಲಕೇಶಿ ಪರ್ಷಿಯದ ಖುಸ್ರೋನ ರಾಯಭಾರಿಗಳನ್ನು ಬರಮಾಡಿಕೊಳ್ಳುತ್ತಿರುವುದು ಎಂಬ ಒಕ್ಕಣೆಯೊಂದಿಗೆ ಕನ್ನಡ ಶಾಲೆಗಳ ಚರಿತ್ರೆ ಪಾಠದಲ್ಲಿ ಇದು ಬಹುಕಾಲ ಬಾಳಿತು. 19ನೇ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ ಮಾಡಿದ ಊಹೆ ಅದು. ಗುಹೆಗಳ ಕಾಲವನ್ನೇ ಜೀವಮಾನವೆಲ್ಲ ಕೆದಕಿದ ವಾಲ್ಟರ್ ಸ್ಪಿಂಕ್ ಮುಂತಾದವರು ಅದನ್ನು ವಾಕಾಟಕ ಹರಿಷೇಣನ ಕಾಲಕ್ಕೆ, ಐದನೇ ಶತಮಾನಕ್ಕೆ, ಒಯ್ದುಬಿಟ್ಟರು. ಅಂದರೆ ಪುಲಕೇಶಿಯ ಅಜ್ಜ ಬಾದಾಮಿಯಲ್ಲಿ ಕೋಟೆ ಕಟ್ಟುವುದಕ್ಕೂ ಎರಡು ತಲೆಮಾರು ಮುಂಚೆ. ಚಿಕ್ಕಪ್ಪ ಇದನ್ನು ಒಪ್ಪಲಿಲ್ಲ. ಐದನೇ ಕ್ಲಾಸಿನಲ್ಲಿ ಈ ಪ್ರಶ್ನೆಗೆ ಪೂರ್ತಿ ಅಂಕ ಬಂದಿತ್ತು. ಅದನ್ನು ವಾಪಸು ಕೊಡುವ ಮನಸ್ಸು ಅವರಿಗಿರಲಿಲ್ಲ. ಪುಲಕೇಶಿಗೆ ಇದರಿಂದ ನಷ್ಟವೇನೂ ಇಲ್ಲವೆಂದು ನಾನು ಸಮಾಧಾನ ಹೇಳಿದೆ. ಅವನು ನೂರಾರು ಹಡಗುಗಳಲ್ಲಿ ಹೋಗಿ ಪಡುವಣ ಕಡಲ ಸಿರಿಯಂತಿದ್ದ ಪುರಿಯನ್ನು ಹಿಡಿದನೆಂದೂ, 99,000 ಹಳ್ಳಿಗಳ ಮೂರು ಮಹಾರಾಷ್ಟ್ರಗಳಿಗೆ ಒಡೆಯನಾದನೆಂದೂ 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹೇಳಿದ್ದಾನೆ. ಅಷ್ಟಿದ್ದವನಿಗೆ ಒಂದು ಚಿತ್ರ ಯಾವ ಲೆಕ್ಕ?

ಚಿಕ್ಕಮ್ಮನಿಗೆ ಬೇಕಾದದ್ದು ಎರಡನೇ ಗುಹೆಯಲ್ಲಿತ್ತು. ಬಲಗೋಡೆಯಲ್ಲಿ ಒಂದು ಹಡಗು: ಮೂರು ಪಟದ ಕಂಬ, ಹಿಂದುಗಡೆ ಸಾಲಾಗಿ ನೀರಿನ ಮಡಕೆ, ಮೂತಿಯ ಮೇಲೆ ಕಣ್ಣು. ಸೋಪಾರದ ವ್ಯಾಪಾರಿ ಪೂರ್ಣನ ಕತೆ. ಅವನ ಅಣ್ಣ ಚಂದನದ ಮರಕ್ಕೆ ಹೋಗಿ ಬಿರುಗಾಳಿಗೆ ಸಿಕ್ಕಾಗ, ಭಿಕ್ಷುವಾಗಿದ್ದ ಪೂರ್ಣ ಬಂದು ಕಾಪಾಡುತ್ತಾನೆ. ಹದಿನೇಳನೇ ಗುಹೆಯಲ್ಲಿ ಸಿಂಹಳನ ಹಡಗು ಒಡೆದು ಅವನು ರಾಕ್ಷಸಿಯರ ದ್ವೀಪ ಸೇರುತ್ತಾನೆ. ಕಡಲಿನಿಂದ ಇಷ್ಟು ದೂರ, ಹುಲಿಗಳಿದ್ದ ಕಾಡಿನಲ್ಲಿ, ಎಣ್ಣೆದೀಪದ ಬೆಳಕಿನಲ್ಲಿ ಕೂತು ಯಾರೋ ಅಲೆ ಬಿಡಿಸಿದ್ದಾರೆ. ಚಿಕ್ಕಮ್ಮ ಹಡಗಿನ ಮಡಕೆಗಳನ್ನು ತೋರಿಸಿ ಇವನು ನಿಜವಾಗಿ ಕಡಲಿಗೆ ಹೋದವನು ಎಂದರು. ಸುಮ್ಮನೆ ಕೂತು ಬಿಡಿಸಿದವನಾದರೆ ಕುಡಿಯುವ ನೀರಿನ ನೆನಪು ಬರುತ್ತಿರಲಿಲ್ಲ. ಕುದುರೆಗೆ ಉಪ್ಪುನೀರು ಕುಡಿಸಿದ ಕವಿಗಿಂತ ಈತ ಅವರಿಗೆ ಹೆಚ್ಚು ನಂಬಿಕಸ್ಥನಾಗಿ ಕಂಡ.

ಸಂಭಾಜಿನಗರದಲ್ಲಿ ಇನ್ನೂ ಬೇಕಾದಷ್ಟಿದೆ. ಮಲಿಕ್ ಅಂಬರ್ 1610ರಲ್ಲಿ ಖಡಕಿ ಎಂದು ಸ್ಥಾಪಿಸಿದ ಊರು, ಸುತ್ತ ದರವಾಜೆಗಳು. ಬೀಬಿ ಕಾ ಮಕ್ಬರಾವನ್ನು ಎಲ್ಲರೂ ತಾಜಮಹಲಿನೊಂದಿಗೆ ಹೋಲಿಸಿ ಅದರ ಮನಸ್ಸು ನೋಯಿಸುತ್ತಾರೆ. ನಾವು ತಾಜಮಹಲ್ ನೋಡಿರದ ಕಾರಣ ನಮಗೆ ಚೆನ್ನಾಗಿಯೇ ಕಂಡಿತು. ದೌಲತಾಬಾದಿನ ಕೋಟೆಯನ್ನು ಚಿಕ್ಕಪ್ಪನ ಮಂಡಿ ಕೆಳಗಿನಿಂದ ನೋಡಿತು. ಈ ಸೀಮೆಯೂ ನಮ್ಮ ಕಲಬುರಗಿ, ಬೀದರ, ರಾಯಚೂರುಗಳೂ 1948ರವರೆಗೆ ಒಂದೇ ನಿಜಾಮನ ಕೈಕೆಳಗೆ ಇದ್ದವು. ಸೆಪ್ಟೆಂಬರ್ 17ರಂದು ಎರಡೂ ಕಡೆ ಬಾವುಟ ಹಾರುತ್ತದೆ.

ಕೊನೆಯ ದಿನ ಪೈಠಣ. ಶಾತವಾಹನರ ಪ್ರತಿಷ್ಠಾನ, ಏಕನಾಥರ ಊರು, ಜ್ಞಾನದೇವರು ಕೋಣದ ಬಾಯಲ್ಲಿ ವೇದ ಹೇಳಿಸಿದ ಊರು. ಅಲ್ಲಿ ಗೋದಾವರಿಗೆ 1976ರಲ್ಲಿ ಮುಗಿದ ಜಾಯಕವಾಡಿ ಅಣೆಕಟ್ಟು, ಹಿಂದೆ ನಾಥಸಾಗರ. ಸುಮಾರು 350 ಚದರ ಕಿಲೋಮೀಟರ್ ನೀರು, ಆಚೆ ದಡ ಕಾಣುವುದಿಲ್ಲ. ನೂರಕ್ಕೂ ಹೆಚ್ಚು ಹಳ್ಳಿಗಳ ಭೂಮಿ ಅದರಡಿ ಇದೆ. ಲಿಂಗನಮಕ್ಕಿಯ ಮುಳುಗಡೆಯವರನ್ನು ಬಲ್ಲ ನಮಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಣೆಕಟ್ಟಿನ ಕೆಳಗೆ ಜ್ಞಾನೇಶ್ವರ ಉದ್ಯಾನ, ನಮ್ಮ ಕೆಆರ್‌ಎಸ್ ಬೃಂದಾವನದ ಮಾದರಿಯಲ್ಲಿ ಮಾಡಿದ್ದು. ಕಾವೇರಿಯಿಂದ ಗೋದಾವರಿಯವರೆಗೆ ಎಂಬ ಮಾತನ್ನು ತೋಟಗಾರಿಕೆಯವರು ಮನಸ್ಸಿಗೆ ತೆಗೆದುಕೊಂಡಿದ್ದಾರೆಂದು ಖುಷಿಯಾಯಿತು.

ಚಿಕ್ಕಮ್ಮ ಸಾಗರದ ಕಡೆ ಹೋಗಿ ಮೂಸಿ ನೋಡಿ ವಾಸನೆ ಇಲ್ಲ ಎಂದು ತೀರ್ಪು ಕೊಟ್ಟರು. ದಡದ ಒಂದು ಸಣ್ಣ ಖಾನಾವಳಿಯಲ್ಲಿ ಹೊಸದಾಗಿ ಹಿಡಿದ ಕಟ್ಲಾ ಮೀನಿತ್ತು. ಸಿಹಿನೀರಿನ ಮೀನಿಗೆ ಮೀನೆನ್ನುವುದು ನಮ್ಮ ಕಡೆ ಔದಾರ್ಯದ ಮಾತು. ಆದರೆ ಅಷ್ಟು ದಿನ ಮಿಸಳಿನಲ್ಲಿ ಬದುಕಿದವರಿಗೆ ಔದಾರ್ಯ ತಾನಾಗಿ ಬರುತ್ತದೆ. ಚಿಕ್ಕಮ್ಮ ನೇರ ಅಡುಗೆಮನೆಗೇ ಹೋದರು. ಅಲ್ಲಿಯ ಹೆಂಗಸು ಮರಾಠಿಯಲ್ಲಿ, ಇವರು ಕುಂದಾಪುರದ ಕನ್ನಡದಲ್ಲಿ. ಇಬ್ಬರಿಗೂ ಎಲ್ಲವೂ ಅರ್ಥವಾಗುತ್ತಿದ್ದ ಹಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಚಿಕ್ಕಮ್ಮ ಕಂಗಾಲಾಗಿ ಹೊರಬಂದರು. ಆಕೆ ಹಸಿ ಕಾಯಿಯನ್ನೇ ಹಾಕುವುದಿಲ್ಲವಂತೆ! ಒಣಕೊಬ್ಬರಿಯನ್ನು ಒಲೆಯ ಕೆಂಡದಲ್ಲಿ ಕರಿ ಮಾಡಿ, ಈರುಳ್ಳಿಯನ್ನೂ ಸುಟ್ಟು, ಎರಡನ್ನೂ ಅರೆದು ಮೀನಿಗೆ ಹಾಕುತ್ತಾಳಂತೆ. ತೆಂಗಿನಕಾಯಿ ಕೊಂಕಣದಿಂದ ಬರಬೇಕು, ದುಬಾರಿ ಎನ್ನುತ್ತಾಳೆ. "ಆ ಮೂವತ್ತೆರಡು ಸಾವಿರ ಮರ ಎಂತ ಆಯ್ತ್ ಹಾಂಗಾರೆ?" ಎಂದು ಚಿಕ್ಕಮ್ಮ ನನ್ನನ್ನೇ ಕೇಳಿದರು, ಉಷವದಾತನ ಲೆಕ್ಕ ನಾನು ಇಟ್ಟುಕೊಂಡವನ ಹಾಗೆ.

ಸಾರು ಕಪ್ಪಗೆ, ಎಣ್ಣೆ ತೇಲುತ್ತ, ಜೋಳದ ಭಾಕ್ರಿಯ ಜೊತೆ ಬಂತು. ಚಿಕ್ಕಪ್ಪ ಮೊದಲು ಬಾಯಿಗಿಟ್ಟರು, ಮಾತಾಡಲಿಲ್ಲ. ಚಿಕ್ಕಮ್ಮ ಒಂದು ಬೆರಳು ಅದ್ದಿದರು. ಆಮೇಲೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಎರಡನೇ ಸಲ ಬಡಿಸಿಕೊಂಡಾಗ, ಮುಳ್ಳು ಬಿಡಿಸುತ್ತ, ಮನೆಗೆ ಹೋದ ಮೇಲೆ ಇದನ್ನು ಯಾರ ಹತ್ತಿರವೂ ಹೇಳಬಾರದೆಂದು ನಮ್ಮಿಬ್ಬರಿಂದಲೂ ಭಾಷೆ ತೆಗೆದುಕೊಂಡರು.